ಒಂದು ಗೋಡೆಯ ಮುಯ್ಯಿ

ಗಾಳಿ ನಿಂತಿದೆ, ಅದಕ್ಕೇ ಉಳಿಯ ಸದ್ದು ಇಷ್ಟು ದೊಡ್ಡದಾಗಿ ಕೇಳುತ್ತಿದೆ ಎಂದು ಪುಸೆಲೆತ್ಸೊಗೆ ಹೊಳೆದದ್ದು ನಾಲ್ಕನೆಯ ಏಟಿಗೆ, ಆಗಸ್ಟ್ ತಿಂಗಳಿಡೀ ಕೆಂಧೂಳು ಎಬ್ಬಿಸಿ ಹಲ್ಲಿನ ಸಂದಿಗೂ ಮರಳು ತುಂಬಿದ ಗಾಳಿ ಈ ಶನಿವಾರ ಬೆಳಿಗ್ಗೆ ಯಾರೋ ಕದ ಎಳೆದುಕೊಂಡಂತೆ ನಿಂತುಬಿಟ್ಟಿದೆ, ಪೀಚ್ ಮರದ ಹೂವು ಒಂದೂ ಅಲುಗದು, ಹೊಡೆದ ಏಟು ಎದುರಿನ ಗುಡ್ಡಕ್ಕೆ ಹೋಗಿ ತಾಗಿ ತಿರುಗಿ ಬರುತ್ತದೆ, ಟಕ್, ಒಂದು ಉಸಿರು ಬಿಟ್ಟು ಮತ್ತೆ ಟಕ್, ಅಲ್ಲಿಯೂ ಒಬ್ಬಳು ನಿಂತು ತನ್ನ ತಾಯಿಯ ಮನೆಯ ಸಿಮೆಂಟು ಕೀಳುತ್ತಿದ್ದಾಳೆ ಎನ್ನುವ ಹಾಗೆ. ದಕ್ಷಿಣದ ಶಿಖರಗಳ ಮೇಲೆ ಬೂದು ಮೋಡ, ಮಳೆ ಇವತ್ತೋ ನಾಳೆಯೋ. ಇದು ಹನ್ನೊಂದನೆಯ ಶನಿವಾರ. ವಾರವೆಲ್ಲ ಮಾಪುತ್ಸೋ ಪೇಟೆಯ ಕಾರ್ಖಾನೆಯಲ್ಲಿ ಜೀನ್ಸ್ ಪ್ಯಾಂಟುಗಳ ಹಿಂಜೇಬು ಹೊಲಿಯುವುದು, ಶನಿವಾರ ಮಬ್ಬು ಹರಿಯುವ ಮೊದಲೇ ಟ್ಯಾಕ್ಸಿ ಹತ್ತಿ ಊರಿಗೆ ಬರುವುದು, ಒಡೆಯುವುದು, ಭಾನುವಾರ ಇಗರ್ಜಿಗೆ ಹೋಗಿ ಬಂದು ಮತ್ತೆ ಒಡೆಯುವುದು, ಸಂಜೆಗೆ ಹಿಂದಿರುಗುವುದು — ಏನಕ್ಕಾ, ಇವತ್ತೂ ಸುತ್ತಿಗೆ ಉಳಿ, ಯಾವ ಬ್ಯಾಂಕಿಗೆ ಕನ್ನ ಹಾಕ್ತಿದೀಯ, ನಂಗೂ ಒಂದು ಪಾಲಿಡು ಎಂದು ಟ್ಯಾಕ್ಸಿಯವನು ನಕ್ಕ, ಆಮೇಲೆ ಅವಳ ಎದೆಗೆ ಪಿನ್ನು ಚುಚ್ಚಿದ, ಮನೆಯಲ್ಲಿ ಸಾವಾಗಿದೆ ಎನ್ನುವ ಕಪ್ಪು ಬಟ್ಟೆಚೂರು ಕಂಡು ನಗು ನುಂಗಿಕೊಂಡ, ಅಷ್ಟರಲ್ಲಿ ಅವಳು ನಕ್ಕಾಗಿತ್ತು, ಎದುರಿನವರು ನಕ್ಕರೆ ನಗಬೇಕು, ತುಟಿ ತಾನಾಗಿ ಹಿಗ್ಗುತ್ತದೆ, ಕಷ್ಟವೇನಿಲ್ಲ. ಕೈಗೆ ಮಾತ್ರ ಸುತ್ತಿಗೆಯ ಹಿಡಿ ಇರುವುದೇ ತಿಳಿಯುತ್ತಿಲ್ಲ, ಯಾರದೋ ಕೈ, ಯಾರದೋ ಸುತ್ತಿಗೆ. ಟಕ್.

ಹಾಳೆ ಕಳಚಿತು, ಮೊರದಗಲದ ಸಿಮೆಂಟಿನ ಹಾಳೆ, ಹೊಟ್ಟೆಗೆ ಆನಿಸಿಕೊಂಡು ಇಳಿಸಿ ಬೋರಲು ಮಲಗಿಸಿದಳು, ಮುಖವೆಲ್ಲ ನುಣುಪು, ಬೆನ್ನಿನ ತುಂಬ ಏಣು, ಒಳಗಿನ ಗೋಡೆಯ ಗೀರುಗಳಲ್ಲಿ ಇಳಿದು ಕೂತ ಸಿಮೆಂಟು ಅಚ್ಚಿನ ಹಾಗೆ ಎದ್ದು ಬಂದಿದೆ — ಎರಡು ಏಣು, ಒಂದು ಖಾಲಿ, ಮತ್ತೊಂದು ಏಣು, ಮತ್ತೆ ಎರಡು, ಖಾಲಿ, ಒಂದು. ತಾಯಿಯ ಕೈ. ಜೋಳ ಕೊಯ್ಯುವಾಗ ಕುಡುಗೋಲು ಅವಳ ಉಂಗುರಬೆರಳಿನ ಅರ್ಧ ಒಯ್ದಿತ್ತು, ಆಮೇಲೆ ಅವಳು ಹಸಿ ಮಣ್ಣಿನ ಗೋಡೆಗೆ ನಾಲ್ಕು ಬೆರಳು ಊರಿ ಎಳೆದಲ್ಲೆಲ್ಲ ಒಂದು ಸಾಲು ತಪ್ಪಿಹೋಗುತ್ತಿತ್ತು, ಓ, ಇದು ಎತ್ತು ಮುಗ್ಗರಿಸಿದ ಹೊಲ ಕಣ್ರೇ ಎಂದು ಊರ ಹೆಂಗಸರು ದೂರದಿಂದಲೇ ಗುರುತು ಹಿಡಿಯುತ್ತಿದ್ದರು, ತಾಯಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಈ ಗೀರು, ಈ ಲಿಟೆಮಾ, ಬರೀ ಚಿತ್ತಾರ ಅಲ್ಲ ಕಣೇ ಎನ್ನುತ್ತಿದ್ದಳು, ಹಿರಿಯರಿಗೆ ಗೋಡೆ ಮೇಲೆ ಬರೆದಿಡೋ ಕೇಳಿಕೆ, ಮಳೆ ಕೊಡಿ, ಕಾಳು ಕೊಡಿ, ಮಕ್ಕಳನ್ನ ಕಾಯಿರಿ ಅಂತ, ಮಳೆ ಬಂದು ಅಳಿಸ್ತು ಅಂದ್ರೆ ಅವರು ಓದಿದ್ರು ಅಂತ, ಆಮೇಲೆ ಇನ್ನೊಂದು ಬರಿ. ಎಂಟು ಚೀಲ ಸಿಮೆಂಟು. ಎರಡು ವರ್ಷದ ಹಿಂದೆ ಈಸ್ಟರಿನ ಬಿಡುವಿನಲ್ಲಿ ಪುಸೆಲೆತ್ಸೊ ತಾನೇ ತಂದಳು, ತಾನೇ ಕರಣಿ ಹಿಡಿದಳು, ಇನ್ನು ನೀನು ಸಗಣಿ ಕಲಸೋದು ಬೇಡಮ್ಮ, ಮೊಣಕಾಲೂರಿ ಕೂರೋದು ಬೇಡ, ಪೇಟೆ ಮನೆ ಹಾಗಿರತ್ತೆ ನೋಡ್ತಿರು, ಹಳೆಯ ಗೀರುಗಳನ್ನು ಕೆರೆಯಲೂ ಇಲ್ಲ, ಗೀರಿದ್ದರೆ ಸಿಮೆಂಟಿಗೆ ಒಳ್ಳೆಯ ಹಿಡಿತವೆಂದು ಅವುಗಳ ಮೇಲೆಯೇ ಬಡಿದಳು, ತಾಯಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಇದು ಗೋಡೆನ ಬೆವರೋಕೆ ಬಿಡಲ್ಲ ಮಗಳೇ ಎಂದಳು, ಒಂದೇ ಸಲ, ಆಮೇಲೆ, ನುಣ್ಣಗೈತೆ ಎಂದಳು. ಬೆವರು ಒಳಗೇ ಉಳಿಯಿತು. ಮಂಚದ ಪಕ್ಕದ ಗೋಡೆ ಮುಟ್ಟಿದರೆ ಕೈ ಒದ್ದೆ, ಕಂಬಳಿಗೆ ಬೂಷ್ಟಿನ ವಾಸನೆ, ಎರಡನೆಯ ಚಳಿಗಾಲಕ್ಕೆ ತಾಯಿಯ ಎದೆಯಲ್ಲಿ ಕೆಮ್ಮು ಬಂದು ಕೂತಿತು, ಮೂರನೆಯ ಚಳಿಗೆ, ಈ ವರ್ಷದ ಜೂನ್‌ನಲ್ಲಿ ಶಿಖರಗಳ ಮೇಲೆ ಮೊದಲ ಹಿಮ ಬಿದ್ದ ವಾರ ಹೋಗಿಬಿಟ್ಟಳು — ಆಸ್ಪತ್ರೆಯವರು ಎದೆ ಎಂದರು, ವಯಸ್ಸು ಎಂದರು, ಗೋಡೆ ಎಂದು ಯಾರೂ ಅನ್ನಲಿಲ್ಲ, ಮಗಳು ಕೇಳಲೂ ಇಲ್ಲ. ಸುದ್ದಿ ಬಂದಾಗ ಅವಳ ಮುಂದೆ ನಲವತ್ತು ಜೇಬು ಉಳಿದಿದ್ದವು. ಹೊಲಿದು ಮುಗಿಸಿ ಎದ್ದಳು. ಒಂದು ಹೊಲಿಗೆಯೂ ಸೊಟ್ಟಗಾಗಲಿಲ್ಲ, ಅದನ್ನು ನೆನೆದರೆ ಈಗಲೂ ಏನೂ ಆಗುವುದಿಲ್ಲ, ನಲವತ್ತು ಜೇಬು, ಎಲ್ಲ ನೆಟ್ಟಗೆ.

ಈ ಮನೆಗೆ ಶಾಂತಿ, ಎಂದಿತು ಬೆನ್ನ ಹಿಂದೆ ಒಂದು ದನಿ, ನೆರೆಮನೆಯ ಮಾಪಲೇಸಾ, ತಾಯಿಯ ಓರಗೆಯವಳು, ಕಂಬಳಿಯನ್ನು ಸೊಂಟಕ್ಕೆ ಬಿಗಿದಿದ್ದಾಳೆ, ತಲೆಯ ಮೇಲೆ ಬಕೆಟ್ಟು. ನಿಮಗೂ ಶಾಂತಿ, ಮ್ಮೆ, ಎಂದು ಹಿರಿಯಳನ್ನು ತಾಯಿಯೆಂದೇ ಕರೆದು ಪುಸೆಲೆತ್ಸೊ ಕೈ ಒರೆಸಿಕೊಂಡಳು. ಕೊನೇ ಹಾಳೆನೂ ಕಿತ್ಯಾ, ಸದ್ಯ, ಹನ್ನೊಂದು ವಾರದಿಂದ ಸತ್ತೋರಿಗೂ ನಿದ್ದೆ ಇಲ್ಲ ನಿನ್ನ ಸುತ್ತಿಗೆಯಿಂದ, ಎಂದು ಮಾಪಲೇಸಾ ಬಕೆಟ್ಟು ಇಳಿಸಿದಳು, ಅದರ ತುಂಬ ಸಗಣಿ ಬೆರೆಸಿ ಹದ ಮಾಡಿದ ಮಣ್ಣು, ಆ ವಾಸನೆ, ಕ್ರಿಸ್‌ಮಸ್ಸಿನ ಹಿಂದೆ ಊರೆಲ್ಲ ಗೋಡೆ ಮೆತ್ತುವ ವಾರದ ವಾಸನೆ. ಸಿಮೆಂಟಿನ ಜೊತೆ ಹಳೆಯ ಮಣ್ಣೂ ಉದುರಿ ಗೋಡೆಯೆಲ್ಲ ಬೋಳಾಗಿದೆ, ಬಾಗಿಲಿನ ಬಲಕ್ಕೆ ಎದೆಯೆತ್ತರದಲ್ಲಿ ಮೂರು ಗೇಣು ಜಾಗ ಮಾತ್ರ ಉದುರದೆ ನಿಂತಿದೆ, ಹೋದ ಭಾನುವಾರ ಸಿಕ್ಕಿದ್ದು, ಪ್ಯಾಂಟು ಸುತ್ತಿ ಕಳಿಸುವ ಪ್ಲಾಸ್ಟಿಕ್ಕು ತಂದು ಅವಳು ಅದರ ಮೇಲೆ ಮೊಳೆ ಹೊಡೆದು ಹೊದಿಸಿದ್ದಾಳೆ. ಅದೇನೇ ಅದು, ಗೋಡೆಗೆ ರೇನ್‌ಕೋಟು? ಮಳೆ ಬರೋ ಹಾಗಿದೆಯಲ್ಲ ಮ್ಮೆ, ಅದು ಅಮ್ಮಂದು, ಅದೊಂದೇ ಉಳಿದಿರೋದು. ಅದಕ್ಕೆ? ಅದಕ್ಕೇ ಅದನ್ನ ಬಿಟ್ಟು ಸುತ್ತ ಮೆತ್ತೋಣ ಅಂತ. ಮಾಪಲೇಸಾ ಪ್ಲಾಸ್ಟಿಕ್ಕಿನ ಹತ್ತಿರ ಮುಖ ಒಯ್ದು ನೋಡಿದಳು, ಒಳಗೆ ಹನಿಗಟ್ಟಿದೆ, ಹನಿಗಳ ಹಿಂದೆ ಎರಡು ಗೀರು, ಒಂದು ಖಾಲಿ, ಮತ್ತೊಂದು ಗೀರು. ಎರಡು ವರ್ಷ ಸಿಮೆಂಟಲ್ಲಿ ಮುಚ್ಚಿಟ್ಟಿದ್ದೆ, ಈಗ ಪ್ಲಾಸ್ಟಿಕ್ಕಲ್ಲಿ ಮುಚ್ಚಿಡ್ತೀಯ, ಅವಳು ಬರೆದಿದ್ದನ್ನ ಹಿರಿಯರು ಓದೋದು ಯಾವಾಗೇ ಹುಚ್ಚು ಹುಡುಗಿ? ಪುಸೆಲೆತ್ಸೊಳ ಕಣ್ಣು ಬಕೆಟ್ಟಿನ ಹಿಡಿಯ ಮೇಲೆ ನಿಂತಿತು, ತುಕ್ಕು ಹಿಡಿದ ತಂತಿ, ಅದಕ್ಕೊಂದು ಬಟ್ಟೆ ಸುತ್ತಿದೆ. ನಾನು ಜಗಳಕ್ಕೆ ಬಂದಿಲ್ಲ, ಎಂದಳು ಮಾಪಲೇಸಾ, ನಿನ್ನಮ್ಮಂಗೆ ನಂದೊಂದು ಗೋಡೆ ಬಾಕಿ ಐತೆ. ನನ್ನ ಮಗಳು ಪಲೇಸಾ ಮದುವೆಗೆ ನಮ್ಮ ಮುಂಗೋಡೆ ಪೂರ್ತಿ ಅವಳೇ ಮಾಡಿಕೊಟ್ಟಿದ್ದು, ಮುಯ್ಯಿ ತೀರಿಸೋಣ ಅಂತ ಬಂದ್ರೆ ನೀನು ಇಲ್ಲಿ ಕರಣಿ ಆಡಿಸ್ತಿದ್ದೆ. ಆಮೇಲೂ ಕೇಳ್ದೆ, ಎಲ್ಲಾದ್ರೂ ಒಂದು ಮೂಲೆ ಕೊಡೇ ಮಾರಾಯ್ತಿ ಅಂತ, ಗೋಡೆ ಎಲ್ಲೈತೆ ಕೊಡೋಕೆ, ನನ್ನ ಮಗಳು ನನ್ನನ್ನ ಸಾಹುಕಾರ್ತಿ ಮಾಡವ್ಳೆ, ಇನ್ನ ನಂಗೆ ಯಾರ ಕೈನೂ ಬೇಡ ಅಂತ ನಗೋಳು. ನಗೋಳು, ಆಮೇಲೆ ಕರೆಯದೇನೇ ಬಂದು ನಮ್ಮನೆ ಹಿತ್ತಲ ಗೋಡೆಗೆ ಕೈ ಹಾಕೋಳು. ಯಾರ ಕೈನೂ ಬೇಡ — ಎರಡು ಕ್ರಿಸ್‌ಮಸ್, ಈ ಅಂಗಳದಲ್ಲಿ ಯಾರೂ ಮಣ್ಣು ತುಳಿದಿಲ್ಲ, ಯಾರೂ ಪದ ಎತ್ತಿಲ್ಲ, ಎತ್ತು ಮುಗ್ಗರಿಸಿತು ಎಂದು ಯಾರೂ ಕೂಗಿಲ್ಲ, ನುಣುಪು ಗೋಡೆಯ ಮುಂದೆ ಕುರ್ಚಿ ಹಾಕಿಕೊಂಡು ಒಬ್ಬಳೇ, ಆ ಎರಡೂ ಸಲ ಪುಸೆಲೆತ್ಸೊ ಒಂದು ದಿನದ ಮಟ್ಟಿಗೆ ಬಂದು, ಬ್ರೆಡ್ಡು ಕೋಳಿ ಕೊಟ್ಟು, ಮನೆ ಎಷ್ಟು ಚೊಕ್ಕವಾಗಿದೆ ನೋಡು ಎಂದು ಹೇಳಿ ಹೋಗಿದ್ದಳು, ಹೌದು ಮಗಳೇ, ಚೊಕ್ಕವಾಗೈತೆ.

ಮೊಳೆ ಕೀಳಲು ಉಳಿ ಸಾಕಾಯಿತು, ನಾಲ್ಕು ಮೊಳೆ, ಪ್ಲಾಸ್ಟಿಕ್ಕು ಅವಳ ಕೈಗೆ ಬಂತು, ಒದ್ದೆ, ತಣ್ಣಗೆ. ಮಾಪಲೇಸಾ ತಗಡಿನ ಲೋಟದಲ್ಲಿ ನೀರು ಮೊಗೆದು ಚಾಚಿದಳು, ಒದ್ದೆ ಮಾಡದೆ ಹೊಸ ಮಣ್ಣು ಹಿಡಿಯಲ್ಲ, ಗೊತ್ತಲ್ಲ, ನೀನೇ ಹುಯ್ಯಿ. ಹುಯ್ಯಬೇಕು. ಲೋಟ ಕೈಯಲ್ಲಿದೆ, ನೀರಿನಲ್ಲಿ ಮೋಡ ಕಾಣುತ್ತಿದೆ, ಅಮ್ಮ ಏನು ಬರೆದಿದ್ದಳೋ ಕೊನೆಯ ಸಲ, ಮಳೆ ಕೊಡಿ, ಕಾಳು ಕೊಡಿ, ಮಗಳನ್ನು ಕಾಯಿರಿ, ಅಷ್ಟೇ ಇರಬೇಕು, ಬೇರೆ ಏನನ್ನೂ ಅವಳು ಕೇಳಿದ್ದು ಗೊತ್ತಿಲ್ಲ — ಹುಯ್ದಳು. ಗೋಡೆ ಕುಡಿಯಿತು. ಗೀರುಗಳ ಅಂಚು ಮೊದಲು ಮೆತ್ತಗಾಯಿತು, ಆಮೇಲೆ ಒಂದರೊಳಗೊಂದು ಇಳಿಯಿತು, ಕೆಂಪು ನೀರು ಅವಳ ಪಾದದ ತನಕ ಬಂದು ನಿಂತಿತು, ಈಗ ಅಳು ಬರಬಹುದೆಂದು ಕಾದಳು, ಬರಲಿಲ್ಲ, ಎರಡನೆಯ ಲೋಟ ಹುಯ್ದಳು. ಮಾಪಲೇಸಾ ಆಗಲೇ ಆ ತುದಿಯಿಂದ ಮೆತ್ತುತ್ತಿದ್ದಾಳೆ, ಅಂಗೈಯಿಂದ ಬಡಿದು, ಸವರಿ, ಬೆರಳೂರಿ ಎಳೆದು, ಬಾಯೊಳಗೇ ಇಗರ್ಜಿಯ ಹಾಡು, ಪುಸೆಲೆತ್ಸೊ ಮಣ್ಣು ತುಳಿದಳು, ಸಗಣಿ ತಂದಳು, ನೀರು ಹೊತ್ತಳು, ಜೇಬು ಹೊಲಿಯೋ ಕಾಲಿಗೂ ಮಣ್ಣಿನ ಹದ ಗೊತ್ತೈತಲ್ಲೇ ಎಂದಳು ಮುದುಕಿ, ಮಧ್ಯಾಹ್ನ ಜೋಳದ ಮುದ್ದೆ ಸೊಪ್ಪು ಉಂಡರು, ಮತ್ತೆ ಎದ್ದರು, ನಾಲ್ಕು ನಾಲ್ಕು ಗೀರು, ಅಡ್ಡ, ಉದ್ದ, ಉತ್ತ ಹೊಲದ ಹಾಗೆ ಗೋಡೆ ಬಾಗಿಲಿನ ಕಡೆಗೆ ಬರುತ್ತಿದೆ, ಪೀಚ್ ಮರದ ನೆರಳು ಹೊಸ್ತಿಲು ಮುಟ್ಟುವ ಹೊತ್ತಿಗೆ ಬಂದೇಬಿಟ್ಟಿತು, ಆ ಮೂರು ಗೇಣು ಜಾಗಕ್ಕೂ ಮಾಪಲೇಸಾ ಮಣ್ಣು ಮೆತ್ತಿದಳು, ಸವರಿ ಹಸನು ಮಾಡಿದಳು, ಬೆರಳು ಮಾತ್ರ ಇಡಲಿಲ್ಲ. ಕೈ ತೊಳೆದಳು, ಬಕೆಟ್ಟು ಬೋರಲು ಹಾಕಿ ತಲೆ ಮೇಲಿಟ್ಟುಕೊಂಡಳು, ಇಲ್ಲಿಗೆ ಸರಿಹೋಯ್ತು ನೋಡು ಎಂದಳು, ಮೆಲ್ಲಗೆ, ಗೋಡೆಯತ್ತ ತಿರುಗಿ, ಮತ್ತೆ ಹಿಂದೆ ನೋಡದೆ ಅಂಗಳ ದಾಟಿದಳು. ಗಾಳಿ ಇನ್ನೂ ಇಲ್ಲ. ಮಣ್ಣು ಒಣಗುವ ಮೊದಲು ಎಳೆಯಬೇಕು, ಅಮ್ಮ ಹಾಗೇ ಹೇಳುತ್ತಿದ್ದಳು, ಯೋಚಿಸ್ತಾ ನಿಂತ್ರೆ ಗೋಡೆ ಕಾಯಲ್ಲ ಕಣೇ, ಪುಸೆಲೆತ್ಸೊ ತನ್ನ ನಾಲ್ಕು ಬೆರಳೂರಿದಳು, ತಣ್ಣಗಿದೆ ಎಂದು ತಿಳಿಯಿತು, ಬೆರಳಿಗೇ ತಿಳಿಯಿತು, ಎಳೆದಳು, ಕೈ ತೆಗೆದಳು. ಒಂದು ಗೀರು, ಎರಡು ಗೀರು, ಮೂರನೆಯದು, ಮತ್ತೊಂದು. ಶಿಖರಗಳ ಕಡೆ ಗುಡುಗಿರಬೇಕು. ಮೂರನೆಯದು ಹಸಿಯಾಗಿ ಹೊಳೆಯುತ್ತಿದೆ, ಅಮ್ಮನ ಗೀರಿನಲ್ಲಿ ಖಾಲಿ ಇರುತ್ತಿದ್ದ ಜಾಗದಲ್ಲಿ, ಆಳವಾಗಿ, ನೆಟ್ಟಗೆ. ಎರಡು, ಆಮೇಲೆ ಅದು, ಆಮೇಲೊಂದು. ಎರಡು, ಆಮೇಲೆ ಅದು.