ಕಿವಿಯ ಹಿಂದಿನ ನೀಲಿ

ಬಣ್ಣದ ದಿನ ಬಂತೆಂದರೆ ಶಿಶುವಿಹಾರದ ಅಡುಗೆಯವಳ ಗೊಣಗಾಟ ಬೆಳಗ್ಗೆಯೇ ಶುರು. "ತಿನ್ನೋ ಹಿಟ್ಟನ್ನ ನೆಲಕ್ಕೆ ಬಳಿಯೋದು ಯಾವ ಸೀಮೆ ಪಾಠವೋ!"

ಬಣ್ಣದಕ್ಕ ಅದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಅವಳು ಪಳಗಿದ ಕೈ. ಜೋಳದ ಹಿಟ್ಟನ್ನು ಗಂಟಾಗದಂತೆ ಕುದಿಸಿ ಆರಿಸಿ, ಕೇಕಿಗೆ ಹಾಕುವ ಬಣ್ಣ ಬೆರೆಸಿ, ಮೊದಲು ತಾನೇ ಒಂದು ಬೆರಳು ನೆಕ್ಕಿ ನೋಡುವಳು. ಕೂಸುಗಳು ಬಣ್ಣವನ್ನು ಮೊದಲು ಇಡುವುದು ಬಾಯಿಗೇ ತಾನೆ? ಆಮೇಲೆ ಪ್ಲಾಸ್ಟಿಕ್ ಹಾಸಿ ಎಲ್ಲರನ್ನೂ ಚಡ್ಡಿಯಲ್ಲಿ ಬಿಟ್ಟಳೆಂದರೆ ಮುಗಿಯಿತು. ಒಬ್ಬ ಹೊಟ್ಟೆಗೆ ಬಳಿದುಕೊಳ್ಳುವನು, ಒಬ್ಬಳು ಪಕ್ಕದವನ ತಲೆಗೆ. ಇನ್ನೂ ಕೂರಲು ಬಾರದ ಕೂಸು ಅಂಗಾತ ಮಲಗಿ ಹಿಮ್ಮಡಿಯಲ್ಲೇ ಚಿತ್ರ ಬರೆಯುವುದು.

ಕೂಡಲೇ ತೊಳೆದರೆ ಹೋಗುವ ಬಣ್ಣ ಅದು. ಒಣಗಿದರೆ ಮಾತ್ರ ಹಟಮಾರಿ, ಎರಡು ದಿನ ಚರ್ಮ ಬಿಡದು. ಅದಕ್ಕೇ ಬಣ್ಣದಕ್ಕನಿಗೊಂದು ಚಾಳಿ ಹತ್ತಿತ್ತು. ಎಲ್ಲರನ್ನೂ ತೊಳೆದು ಒರೆಸಿದ ಮೇಲೆ ಪ್ರತಿ ಮಗುವಿನ ಮೈಯಲ್ಲಿ ಎಲ್ಲಾದರೂ ಒಂದು ಚುಕ್ಕೆ ಬಣ್ಣ ಇಟ್ಟುಬಿಡುವಳು. ಅದು ಅವಳ 'ರುಜು'. "ಮನೇಲಿ ಹುಡುಕ್ಕೊಳ್ಳಿ" ಎಂದು ತಾಯಂದಿರನ್ನು ರೇಗಿಸುವಳು. ಅವರೂ ಮರುದಿನ ನಗುತ್ತ ಬಂದು, "ಹೊಕ್ಕುಳಲ್ಲಿತ್ತು ಕಣಕ್ಕ!" ಎನ್ನುವರು.

ಒಂದು ಹೆಣ್ಣುಮಗು ಮಾತ್ರ ಬಣ್ಣ ಮುಟ್ಟುತ್ತಿರಲಿಲ್ಲ, ಅದಕ್ಕೆ ರುಜುವೂ ಇರಲಿಲ್ಲ. ಇನ್ನೂ ಮೂರು ತುಂಬದ ಅದು ಎರಡೂ ಕೈ ಬಿಗಿಹಿಡಿದೇ ಕೂರುತ್ತಿತ್ತು. ಅದಕ್ಕೆ ಇಲ್ಲಿ ಮುಷ್ಟಿ ಎಂದೇ ಹೆಸರಾಯಿತು. ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಸೇರಿಸಿದ ದಿನವೇ ಹೇಳಿದ್ದಳು, ಅದೂ ನಗುನಗುತ್ತ: "ಇವಳನ್ನ ಬಣ್ಣಕ್ಕೆ ಬಿಡ್ಬೇಡಿ ಅಕ್ಕ. ನಮ್ಮನೆಯವರಿಗೆ ಗಲೀಜು ಅಂದ್ರೆ ಆಗಲ್ಲ."

"ಗಲೀಜಾಗದೆ ಇರೋಕೆ ಇವಳೇನು ಷೋಕೇಸಿನ ಬೊಂಬೆನಾ?" ಎಂದು ಬಣ್ಣದಕ್ಕ ಆಗಲೂ ಅಂದಳು, ಆಮೇಲೂ ಮನಸ್ಸಿನಲ್ಲಿ ಅನ್ನುತ್ತಲೇ ಇದ್ದಳು. ಮಕ್ಕಳ ವಿಷಯದಲ್ಲಿ ತನಗಿಂತ ಬಲ್ಲವರಿಲ್ಲ ಎಂಬ ಜಂಬ ಅವಳಿಗೆ ಇತ್ತು. ಇದ್ದದ್ದನ್ನು ಮುಚ್ಚಿಡುವುದೇಕೆ?

ಆ ದಿನ ಅವಳು ಮುಷ್ಟಿಯ ಮುಂದೆ ನೀಲಿ ಬೋಗುಣಿ ಇಟ್ಟು ಕೂತಳು. ಪುಟ್ಟ ಕೈಯ ಮೇಲೆ ಒಂದು ತೊಟ್ಟು ಬಿಟ್ಟಳು. ಮಗು ಬಾಗಿಲ ಕಡೆ ನೋಡಿತು. ಯಾರೂ ಬರಲಿಲ್ಲ. ಮೆಲ್ಲಗೆ ಒಂದು ಬೆರಳು ಬಿಚ್ಚಿತು, ಇನ್ನೊಂದು ಬಿಚ್ಚಿತು, ಆಮೇಲೆ ಎರಡೂ ಅಂಗೈಯನ್ನು ಬೋಗುಣಿಗೆ ಪಟ್ಟೆಂದು ಹೊಡೆದು ಕಿಲಕಿಲ ನಕ್ಕಿತು. ಆ ನಗು ಕೇಳಿ ಅಡುಗೆಯವಳೂ ಸೌಟು ಹಿಡಿದೇ ಹೊರಗೆ ಬಂದಳು. ಬಣ್ಣದಕ್ಕನ ಕಣ್ಣು ತುಂಬಿತು.

ಮಗುವನ್ನು ಎರಡೆರಡು ಸಲ ಸೋಪು ಹಚ್ಚಿ ತೊಳೆದಳು. ತಾಯಿಯ ಮಾತು ನೆನಪಿರಲಿಲ್ಲವೆಂದಲ್ಲ. ಆದರೆ ಇಂಥ ದಿನ ರುಜು ಹಾಕದೆ ಕಳಿಸುವುದೆ? ತಲೆ ಬಾಚುವಾಗ ತಾಯಿಯೊಬ್ಬಳಿಗೇ ಕಾಣಲಿ, ಖುಷಿಪಡಲಿ ಎಂದು ಕಿವಿಯ ಹಿಂದೆ ಒಂದು ಚುಕ್ಕೆ ನೀಲಿ ಇಟ್ಟಳು.

ಎರಡು ದಿನ ಮಗು ಬರಲಿಲ್ಲ. ಮೂರನೆಯ ದಿನ ಬಂದಾಗ ತಲೆಗೆ ಸ್ಕಾರ್ಫ್ ಸುತ್ತಿತ್ತು. ಬಿಚ್ಚಿ ನೋಡಿದರೆ ಕಿವಿಯ ಹಿಂದೆ ಚರ್ಮವೇ ಇಲ್ಲ. ಅಡ್ಡಾದಿಡ್ಡಿ ಗೀರು, ಹಕ್ಕಳೆ.

"ಬಿದ್ಲು" ಎಂದಳು ತಾಯಿ.

"ಬಿದ್ರೆ ಕಿವಿ ಹಿಂದೆ ಗಾಯ ಆಗುತ್ತಾ?"

ತಾಯಿ ಅತ್ತ ಇತ್ತ ನೋಡಿದಳು. "ಬಣ್ಣದ ದಿನ ಬಂದಾಗೆಲ್ಲ ಬಸ್‌ಸ್ಟ್ಯಾಂಡ್ ಬಾತ್‌ರೂಮಲ್ಲಿ ಮೈಯೆಲ್ಲ ಹುಡುಕಿಯೇ ಮನೆಗೆ ಕರ್ಕೊಂಡು ಹೋಗೋದು ಅಕ್ಕ. ಉಗುರು, ಕಂಕುಳು, ಕಾಲ್ಬೆರಳ ಸಂದಿ. ಅವತ್ತೂ ಹುಡುಕ್ದೆ. ಕಿವಿ ಹಿಂದೆ ನೋಡ್ಬೇಕು ಅಂತ ಹೊಳೀಲಿಲ್ಲ. ಅವರ ಕಣ್ಣಿಗೆ ಬಿತ್ತು. ಪಾತ್ರೆ ಉಜ್ಜೋ ತಂತಿ ತಗೊಂಡ್ರು. ಬಿಡಿಸ್ಕೊಳ್ಳೋಕೆ ಹೋದೆ..." ತೋಳಿನ ಬಟ್ಟೆ ಸರಿಸಿದಳು. ಅವಳ ಕೈಯಲ್ಲೂ ಅದೇ ಗೀರು.

ನನ್ನ ಕೈ ಸೇದಿಹೋಗ ಎಂದು ಬಣ್ಣದಕ್ಕ ತನಗೆ ತಾನೇ ಶಾಪ ಹಾಕಿಕೊಂಡಳು. ತಾನು ಆಟ ಅಂದುಕೊಂಡು ಹುಡುಕಿಸಿದ್ದನ್ನು ಈ ಹೆಂಗಸು ಜೀವ ಕೈಯಲ್ಲಿ ಹಿಡಿದು ಹುಡುಕುತ್ತಿದ್ದಳಲ್ಲ!

"ಯಾರಿಗೂ ಹೇಳ್ಬೇಡಿ ಅಕ್ಕ, ಕಾಲಿಗೆ ಬೀಳ್ತೀನಿ. ಗೊತ್ತಾದ್ರೆ ಇವಳನ್ನ ಇಲ್ಲಿಗೂ ಕಳ್ಸಲ್ಲ. ಅವರು ಹಗಲೆಲ್ಲ ಮನೇಲೇ ಇರ್ತಾರೆ. ನಾನು ಕೆಲಸಕ್ಕೆ ಹೋದ್ರೆ ಇವಳು ಅವರೊಬ್ಬರ ಕೈಯಲ್ಲಿ."

"ಹೇಳಲ್ಲ ಹೋಗಮ್ಮ" ಎಂದುಬಿಟ್ಟಳು. ಅನ್ನಬಾರದಿತ್ತು. ಆದರೆ ಆ ಮುಖ ನೋಡಿ ಬೇರೇನೂ ಬಾಯಿಗೆ ಬರಲಿಲ್ಲ.

ಮುಂದಿನ ಬಣ್ಣದ ದಿನ ಮುಷ್ಟಿಯನ್ನು ದೂರದ ಕುರ್ಚಿಯಲ್ಲಿ, ಬಟ್ಟೆ ಬಿಚ್ಚದೆ, ಮರದ ತುಂಡುಗಳನ್ನು ಕೊಟ್ಟು ಕೂರಿಸಿದಳು. ಆದರೂ ಅಂಬೆಗಾಲಿಡುವ ಒಬ್ಬ ತುಂಟ ಸರಸರ ಹೋಗಿ ಮುಷ್ಟಿಯ ಪಾದ ಹಿಡಿದೇಬಿಟ್ಟ. ನೀಲಿ ಮೆತ್ತಿತು. ಬಣ್ಣದಕ್ಕ ಒದ್ದೆ ಬಟ್ಟೆ ಹಿಡಿದು ಓಡಿದಳು.

ಅವಳು ಬರುವುದನ್ನು ಕಂಡು ಮಗು ಅಳಲಿಲ್ಲ. ಕುರ್ಚಿಯಿಂದ ಇಳಿದು ನೆಟ್ಟಗೆ ನಿಂತಿತು. ಮುಷ್ಟಿ ಬಿಚ್ಚಿ ಎರಡೂ ಕೈ ತೋರಿಸಿತು. ಆಮೇಲೆ ತಲೆ ಬಗ್ಗಿಸಿ, ಹಕ್ಕಳೆ ಕಟ್ಟಿದ ಕಿವಿಯನ್ನು ತನ್ನ ಬೆರಳಿಂದಲೇ ಮುಂದಕ್ಕೆ ಮಡಚಿ ತೋರಿಸಿತು.

"ಇಲ್ಲ, ಹೋಯ್ತು" ಎಂದಿತು. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಇನ್ನೊಂದು ಕಿವಿಯನ್ನೂ ಮಡಚಿತು.

ಬಣ್ಣದಕ್ಕ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಹೇಳಿದರೆ ಈ ಮಗು ನಾಳೆ ಬರದಿರಬಹುದು. ಹೇಳದಿದ್ದರೆ ಬರುತ್ತದೆ, ಹೀಗೆ ಕಿವಿ ಮಡಚಿಕೊಂಡು.

ಪಾದ ಒರೆಸಿ, ಮಗುವನ್ನು ಎತ್ತಿ ಅಡುಗೆಯವಳ ಕಂಕುಳಿಗೆ ಕೊಟ್ಟಳು. "ಸಂಜೆ ಯಾರು ಬಂದು ಕೇಳಿದ್ರೂ ಕೊಡ್ಬೇಡ."

"ಅವರಮ್ಮ ಬಂದ್ರೆ?"

"ಅವಳನ್ನೂ ಒಳಗೇ ಕೂರಿಸ್ಕೋ. ಬೈದ್ರೆ ಬೈಸ್ಕೋ."

ಶಿಶುವಿಹಾರ ನಡೆಸುವ ಮೇಡಂ ಕೋಣೆಯ ಬಾಗಿಲು ತಳ್ಳಿದಾಗ ಅದರ ಬಿಳಿ ಹಲಗೆಯ ಮೇಲೆ ಅವಳ ಐದೂ ಬೆರಳು ನೀಲಿಯಾಗಿ ಮೂಡಿದವು. ಒರೆಸಲು ಅವಳು ನಿಲ್ಲಲಿಲ್ಲ.