ಐದು ಜೇಬಿನ ಯೂನಿಫಾರಂ

ಹೆಡ್ಮಾಸ್ಟರು ಒಂದು ಅಂಗಿಯನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಟೈಲರಕ್ಕನ ಅಂಗಡಿಗೆ ಬಂದರು. ಯೂನಿಫಾರಂ ಅಂಗಿ. ಎದೆಗೆ ಎರಡು ಜೇಬು, ಪಕ್ಕಕ್ಕೆ ಎರಡು, ಬೆನ್ನಿಗೆ ಒಂದು.

"ಬೆನ್ನಿನ ಜೇಬಿಗೆ ಕೈ ಹಾಕೋದು ಯಾರಮ್ಮ?"

"ಹಿಂದಿನ ಬೆಂಚಿನವನು," ಎಂದಳು ಟೈಲರಕ್ಕ, ಮಿಷನ್ ನಿಲ್ಲಿಸದೆ. "ಸ್ನೇಹ ಬೆಳೆಯುತ್ತೆ ಸಾರ್."

ಶಾಲೆಯ ಅಷ್ಟೂ ಅಂಗಿಗಳು ಹೀಗೇ ಇದ್ದವು. ಮಕ್ಕಳಿಂದ ಮಾತ್ರ ಒಂದೂ ದೂರು ಬಂದಿರಲಿಲ್ಲ.

ಜೇಬು ಅಂಗಿಗೇ ನಿಲ್ಲಲಿಲ್ಲ. ದಿಂಬಿನ ಚೀಲಕ್ಕೆ, ಬಾಗಿಲ ಪರದೆಗೆ, ಗಂಡನ ಬನಿಯನ್ನಿಗೂ ಬಂತು. ಅವಳಿಗೆ ನಿದ್ದೆಯೇ ಬೇಕಾಗಿರಲಿಲ್ಲ. ಮಾತು ಸೂಜಿಗಿಂತ ಮುಂದೆ ಓಡುತ್ತಿತ್ತು. ದೇಶದ ಎಲ್ಲ ಶಾಲೆಗೂ ತಾನೇ ಹೊಲಿಯುವುದೆಂದು ತೀರ್ಮಾನಿಸಿ ಒಂದು ಲಾರಿ ಗುಂಡಿಗೆ ಆರ್ಡರ್ ಕೊಟ್ಟಿದ್ದಳು.

ಪಕ್ಕದ ಮನೆಯ ನರ್ಸಮ್ಮ ಅಂಗಡಿಗೆ ಬಂದಾಗ ಟೈಲರಕ್ಕ ಮಿಷನ್ ಮುಂದಿದ್ದಳು, ಗಂಡ ಮೂಲೆಯಲ್ಲಿ ಗುಂಡಿಯ ಕಾಜಾ ಹೊಲಿಯುತ್ತಿದ್ದ.

"ಅಣ್ಣ, ಅಕ್ಕ ಮಾತ್ರೆ ತಗೊಳ್ತಿದಾರಾ?"

ಗಂಡ ದಾರ ಕಚ್ಚಿ ಕಿತ್ತ. "ಸೀಸನ್ ಮುಗೀಲಿ ಅಂತ ನಾನೇ ನಿಲ್ಲಿಸಿದೆ ಸಿಸ್ಟರ್. ತಗೊಂಡ್ರೆ ಕೈ ನಡುಗುತ್ತೆ, ತೂಕಡಿಕೆ ಬರುತ್ತೆ. ಶಾಲೆ ಶುರುವಾಗೋಕೆ ಮುಂಚೆ ಬಟ್ಟೆ ಕೊಡ್ಬೇಕಿತ್ತಲ್ಲ. ಇಷ್ಟು ದಿನ ಚೆನ್ನಾಗೇ ಇದ್ಲು."

"ಹೇಗೆ ಚೆನ್ನಾಗಿದ್ರು?"

"ಮಾತ್ರೆ ತಗೊಳ್ತಿದ್ಲು."

ಹೇಳಿ ಮುಗಿಸಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು. ಆದರೂ ಸೋಲಲಿಲ್ಲ. "ಎಷ್ಟು ಚುರುಕಾಗಿದಾಳೆ ನೋಡಿ. ಇದನ್ನೂ ಕಾಯಿಲೆ ಅಂತೀರಾ? ಮಂಕಾಗಿ ಮಲಗಿದ್ರೆ ಒಪ್ಪಬಹುದು."

"ಎರಡೂ ಒಂದೇ ಕಾಯಿಲೆ ಅಣ್ಣ. ಬೈಪೋಲಾರ್ ಅಂತಾರೆ. ಮನಸ್ಸು ಒಮ್ಮೆ ಮಿತಿ ಮೀರಿ ಏರುತ್ತೆ, ಇನ್ನೊಮ್ಮೆ ಏಳೋಕೇ ಆಗದಷ್ಟು ಇಳಿಯುತ್ತೆ. ಹೋದ ಸಲ ಇಳಿದಾಗ ಅಕ್ಕ ಏನಂದಿದ್ರು, ನೆನಪಿದೆಯಾ?"

ನೆನಪಿತ್ತು. ಗೋಡೆ ಕಡೆ ಮುಖ ಮಾಡಿ ಮಲಗಿದ್ದವಳು, ತಾನಿಲ್ಲದಿದ್ದರೆ ಎಲ್ಲರಿಗೂ ಹಗುರ ಎಂದಿದ್ದಳು. ಸೂಜಿ ಕಾಜಾ ಬಿಟ್ಟು ಬೆರಳಿಗೆ ಹೋಯಿತು.

"ಕೈ ನಡುಗಿದ್ರೆ ಡಾಕ್ಟರಿಗೆ ಹೇಳ್ಬೇಕು," ಎಂದರು ನರ್ಸಮ್ಮ. "ಪ್ರಮಾಣ ಬದಲಾಯಿಸ್ತಾರೆ, ಇಲ್ಲ ಬೇರೆ ಮಾತ್ರೆ ಕೊಡ್ತಾರೆ. ಇರೋದು ಒಂದೇ ಔಷಧಿ ಅಲ್ಲ. ಕೆಲವಕ್ಕೆ ಆಗಾಗ ರಕ್ತ ಪರೀಕ್ಷೆ ಬೇಕು, ಅಷ್ಟೆ. ದಿನಾ ಮಿಷನ್‌ಗೆ ಎಣ್ಣೆ ಬಿಡ್ತೀರಲ್ಲ, ಚೆನ್ನಾಗಿ ಓಡ್ತಿದೆ ಅಂತ ನಿಲ್ಲಿಸ್ತೀರಾ?"

"ನನ್ನನ್ನ ಮಿಷನ್‌ಗೆ ಹೋಲಿಸ್ಬೇಡಿ," ಎಂದಳು ಟೈಲರಕ್ಕ. "ಮಿಷನ್‌ಗೆ ಇಂಥ ಗಂಡ ಇಲ್ಲ. ನಂಗೇನೂ ಆಗಿಲ್ಲ, ಇಷ್ಟು ಚೆನ್ನಾಗಿ ಯಾವತ್ತೂ ಇರ್ಲಿಲ್ಲ."

ನರ್ಸಮ್ಮ ವಾದಕ್ಕೆ ನಿಲ್ಲಲಿಲ್ಲ. "ಆಯ್ತಕ್ಕ. ನಿದ್ದೆ ಒಂದು ಬರ್ತಿಲ್ಲವಲ್ಲ, ಅದನ್ನಷ್ಟೇ ಡಾಕ್ಟರನ್ನ ಕೇಳೋಣ ಬನ್ನಿ."

ಟೈಲರಕ್ಕ ಯೋಚಿಸಿದಳು. "ಬರ್ತೀನಿ. ಆ ಡಾಕ್ಟರ ಕೋಟಿಗೆ ಜೇಬು ಸಾಲದು."

ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಹೊರಟಳು.

ಕೆಲವು ದಿನ ಆಸ್ಪತ್ರೆಯಲ್ಲೇ ಇರಬೇಕಾಯಿತು. ಮನಸ್ಸಿನ ಏರಿಳಿತ ಹಿಡಿತಕ್ಕೆ ತರುವ ಮಾತ್ರೆ ಮತ್ತೆ ಶುರುವಾಯಿತು, ಈ ಸಲ ಕೈ ನಡುಗದ ಪ್ರಮಾಣದಲ್ಲಿ. ಆಪ್ತ ಸಲಹೆಗಾರರು ಅವಳ ಜೊತೆ ಕುಳಿತು ಮಾತಾಡಿದರು; ಗಂಡನನ್ನೂ ಕೂರಿಸಿಕೊಂಡರು. ಹೊತ್ತಿಗೆ ಸರಿಯಾಗಿ ಮಲಗುವುದು ಔಷಧಿಯಷ್ಟೇ ಮುಖ್ಯ, ನಿದ್ದೆ ತಪ್ಪಿದರೆ ಅದೇ ಮೊದಲ ಸುಳಿವು ಎಂದರು. ಅತ್ತ ಗಂಡ ಗುಂಡಿಯ ಲಾರಿಯನ್ನು ದಾರಿಯಲ್ಲೇ ತಿರುಗಿಸಿ, ಹೆಡ್ಮಾಸ್ಟರಿಗೆ ಇದ್ದದ್ದು ಇದ್ದಂತೆ ಹೇಳಿ, ಕೂತು ಹೆಚ್ಚಿನ ಜೇಬನ್ನೆಲ್ಲ ಬಿಚ್ಚಿದ. ಶಾಲೆಯ ಮಕ್ಕಳು ಅವನೊಂದಿಗೆ ಮಾತು ಬಿಟ್ಟರು.

ಮುಂದಿನ ಸೀಸನ್‌ನಲ್ಲಿ ಒಂದು ದಿನ ಟೈಲರಕ್ಕ ಯಾವುದಕ್ಕೋ ಗಟ್ಟಿಯಾಗಿ ನಕ್ಕಳು. ಗಂಡ ಇಸ್ತ್ರಿಪೆಟ್ಟಿಗೆ ಬಿಟ್ಟು ಓಡಿ ಬಂದ.

"ಮಾತ್ರೆ ತಗೊಂಡ್ಯಾ?"

"ತಗೊಂಡೆ. ನಗೋದಕ್ಕೂ ಡಾಕ್ಟರ ಚೀಟಿ ಬೇಕಾ? ಹಿಂದೆ ನೋಡು, ಅಂಗಿ ಸುಡ್ತಿದೆ."

ಬಿಚ್ಚದೆ ಉಳಿದಿದ್ದು ಪರದೆಯ ಜೇಬೊಂದೇ. ಮಾತ್ರೆ ಈಗ ಅದರಲ್ಲಿರುತ್ತದೆ, ಹೋಗುತ್ತ ಬರುತ್ತ ಕಣ್ಣಿಗೆ ಬೀಳುವಂತೆ.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ನಿದ್ದೆಯಿಲ್ಲದೆ ಹಾರಾಡುತ್ತಿದ್ದರೆ, ಅಥವಾ ಏಳಲಾರದೆ ಮಲಗಿದ್ದರೆ, ಸೋಮಾರಿ ಎಂದೋ ಹುಚ್ಚು ಎಂದೋ ಹೆಸರಿಡಬೇಡಿ. ಮನೋವೈದ್ಯರ ಬಳಿ ಕರೆದೊಯ್ಯಿರಿ. ಬದುಕು ಸಾಕು ಎಂಬ ಮಾತು ಬಂದರೆ ಒಬ್ಬರನ್ನೇ ಬಿಡದೆ ಅಂದೇ ಹೊರಡಿ. ಮಾತ್ರೆ ನಿಲ್ಲಿಸುವ ಮಾತು ಡಾಕ್ಟರ ಮುಂದೆಯೇ ಆಗಲಿ. ಮಾತ್ರೆ ಎಲ್ಲಿಡುವುದೆಂದು ತೋಚದಿದ್ದರೆ ಟೈಲರಕ್ಕನ ಅಂಗಡಿಗೆ ಬನ್ನಿ. ಪರದೆಗೆ ಜೇಬು ಹಾಕಿಕೊಡುತ್ತಾಳೆ. ಒಂದೇ.