ತಾಯಿಯ ಹಾಡಿನ ಎರಡನೇ ಸಾಲು

ಎರ್ಮಿನಿಯಾಗೆ ಸ್ವರ ಬರೆಯಲು ಬರುತ್ತಿರಲಿಲ್ಲ. ಹನ್ನೊಂದು ಸಿನಿಮಾಗಳ ಹಾಡುಗಳನ್ನೂ ಅವಳು ಸಿಳ್ಳೆಯಲ್ಲೇ ಕಟ್ಟಿದ್ದಳು. ಅವಳು ಊದಿದ್ದನ್ನು ಮುದುಕ ಕ್ರಿಸಾಂತೊ ಕಾಗದಕ್ಕಿಳಿಸಿ ಪಿಟೀಲು, ತುತ್ತೂರಿಗಳಿಗೆ ಹಂಚಿಕೊಡುತ್ತಿದ್ದ.

ಈ ಸಲದ ಹಾಡು ತಾಯಿಯ ಮೇಲೆ. ಚಿತ್ರಕ್ಕೆ ಹಣ ಹಾಕಿದ್ದ ಜನರಲ್ ಉರ್ಕಿದಿ, ತೀರಿಕೊಂಡ ತನ್ನ ತಾಯಿಯ ನೆನಪಿಗೆಂದೇ ಅದನ್ನು ಬರೆಸಿದ್ದ. ಸ್ಟುಡಿಯೊದಲ್ಲಿ ಅವನಿಗೆ ಚಿತ್ರ ತೋರಿಸುವ ಮಧ್ಯಾಹ್ನ, ದೀಪದ ಕೆಲಸದವನೊಬ್ಬ ಎರಡನೇ ಸಾಲನ್ನು ಅವಸರವಾಗಿ ಸಿಳ್ಳೆ ಹಾಕುತ್ತ ಬಾಗಿಲು ದಾಟಿ ಹೋದ. ಎರ್ಮಿನಿಯಾ ನಿಂತಲ್ಲೇ ಬೆಚ್ಚಿದಳು.

ಐದು ಸ್ವರ. ಮೆಕ್ಸಿಕೊ ನಗರದಲ್ಲಿ ಟ್ಯಾಕ್ಸಿಯವರು ಹಾರ್ನಿನಲ್ಲಿ, ಪೋಕರಿಗಳು ಸಿಳ್ಳೆಯಲ್ಲಿ, ಎದುರಿನವನ ಅಮ್ಮನ ಹೆಸರೆತ್ತಿ ಬೈಯುವ ಅದೇ ಐದು ಸ್ವರ. ಪಿಟೀಲುಗಳು ಎಳೆದೆಳೆದು ನುಡಿಸಿದ್ದರಿಂದ ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ. ಹೋದ ವರ್ಷ ಕೋಳಿ ಅಂಕದಲ್ಲಿ ಹಾಗೆ ಸಿಳ್ಳೆ ಹಾಕಿದವನ ಮೊಣಕಾಲಿಗೆ ಜನರಲ್ ಗುಂಡು ಹೊಡೆದಿದ್ದ.

"ನಿಮಗಾದ್ರೂ ಗೊತ್ತಾಗ್ಲಿಲ್ವಾ ತಾತ?" ಎಂದು ಪಕ್ಕದಲ್ಲಿದ್ದ ಕ್ರಿಸಾಂತೊನನ್ನು ಕೇಳಿದಳು.

"ನೀನು ಊದಿದ್ದನ್ನ ನಾನು ಬರ್ದೆ, ಅಷ್ಟೇ ಮಗಳೇ. ಬಾಯ್ಮುಚ್ಚು, ಬಂದ ಅವ್ನು."

ಕತ್ತಲಲ್ಲಿ ಅವಳು ತೆರೆಯನ್ನು ನೋಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ಜನರಲ್‌ನ ದಪ್ಪ ಕತ್ತನ್ನೇ ನೋಡುತ್ತ ಕುಳಿತಳು. ಹಾಡು ಬಂತು. ಎರಡನೇ ಸಾಲಿಗೆ ಅವನ ಕಾಲು ತಾಳ ಹಾಕುವುದನ್ನು ನಿಲ್ಲಿಸಿತು. ಕೈ ಮೇಲಕ್ಕೆ ಹೋಯಿತು. ದೀಪ ಹತ್ತಿತು.

"ಯಾರು ಈ ರಾಗ ಹಾಕಿದ್ದು?"

"ನಾನು, ಜನರಲ್ ಸಾಹೇಬ್ರೆ."

"ಓಹೋ, ಸಿಳ್ಳೆ ರಾಣಿ! ಬಾ ಇಲ್ಲಿ. ಆ ಎರಡನೇ ಸಾಲು ಸ್ವಲ್ಪ ಊದು, ಕೇಳೋಣ."

ಹಿಂದೆ ಯಾರೋ ನಕ್ಕು, ಅದನ್ನು ಕೆಮ್ಮಾಗಿಸಿಕೊಂಡರು. ಎರ್ಮಿನಿಯಾ ತುಟಿ ಮುಂದೆ ಮಾಡಿದಳು. ಬರೀ ಗಾಳಿ ಬಂತು.

"ಕೇಳಿಸ್ಲಿಲ್ಲ," ಎಂದ ಜನರಲ್. ಅವನ ಕೈ ಸೊಂಟದ ಬೆಲ್ಟಿನ ಮೇಲಿತ್ತು.

ತುಟಿ ಒದ್ದೆ ಮಾಡಿಕೊಂಡು ಮತ್ತೆ ಊದಿದಳು. ಒಂದು, ಎರಡು, ಮೂರು, ನಾಲ್ಕು. ಐದನೆಯದನ್ನು ಕೆಳಗಿಳಿಸದೆ ಮೇಲಕ್ಕೆ ಎತ್ತಿ, ಉಸಿರು ಮುಗಿಯುವವರೆಗೂ ಎಳೆದಳು. ಬೈಗುಳ ಹೋಗಿ, ದೂರದಿಂದ ಯಾರನ್ನೋ ಕರೆದಂತಾಯಿತು.

"ಸಿನಿಮಾದಲ್ಲಿ ಹೀಗಿಲ್ವಲ್ಲ?"

"ಅದು... ಬರ್ಕೊಳ್ಳೋವಾಗ ತಪ್ಪಾಗಿದೆ."

ಬಾಯಿಂದ ಜಾರಿದ ಮೇಲೇ ತಾನು ಏನಂದೆ ಎಂಬುದು ಅವಳಿಗೆ ಕೇಳಿಸಿತು. ಜನರಲ್ ಕ್ರಿಸಾಂತೊನ ಕಡೆ ತಿರುಗಿ ಮೆಲ್ಲನೆ ಅವನ ಮೊಣಕೈ ಹಿಡಿದ. "ಬನ್ನಿ ಅಜ್ಜ, ಹೊರಗೆ ಮಾತಾಡೋಣ."

ತಪ್ಪು ನನ್ನದು ಎನ್ನಲು ಬಾಗಿಲು ಮುಚ್ಚುವವರೆಗೂ ಸಮಯವಿತ್ತು. ಅವಳು ಅನ್ನಲಿಲ್ಲ. ಒಂದೇ ಒಂದು ಸದ್ದಿಗಾಗಿ ಕಿವಿಗೊಟ್ಟು ಕುಳಿತಳು.

ಅರ್ಧ ಗಂಟೆಯ ಮೇಲೆ ಕ್ರಿಸಾಂತೊ ನಡೆದುಕೊಂಡೇ ಬಂದ. ಮೈಮೇಲೆ ಗಾಯವಿರಲಿಲ್ಲ. ಹಿಡಿದಿದ್ದ ಟೋಪಿ ಮಾತ್ರ ಬೆವರಲ್ಲಿ ತೊಯ್ದು ಹೋಗಿತ್ತು.

"ಪಿಸ್ತೂಲು ಕಾಗದದ ಮೇಲಿಟ್ಟು, ತಿದ್ದು ಅಂದ. ತಿದ್ದಿ ಕೊಟ್ಟೆ," ಎಂದ. ಅವಳ ಮುಖ ನೋಡಲಿಲ್ಲ. "ಇನ್ಮೇಲೆ ನಿನ್ನ ಸಿಳ್ಳೆ ಬೇರೆ ಯಾರಾದ್ರೂ ಬರ್ಕೊಳ್ಲಿ, ಮಗಳೇ."

ಅವಳು ತಾತ ಎಂದು ಕರೆಯಹೋದಳು. ಬರೀ ಗಾಳಿ ಬಂತು.